ಬಜ್ಜಿಗೆ ಒಂದು ಹಿಡಿ

ಅಷ್ಟೆಲ್ಲ ಅನಾಹುತಕ್ಕೆ ಕಾರಣವಾದದ್ದು ಒಂದೇ ಒಂದು ಹಿಡಿ ಮೆಂತೆ. ಕೇಳಿದವಳು ಹೈಸ್ಕೂಲಿನಲ್ಲಿ ಬಿಸಿಯೂಟ ಮಾಡುವ ನಿಂಬೆವ್ವ, ಕಿತ್ತು ಕೊಟ್ಟವನು ತೋಟದ ಮಾಸ್ತರ ಚಂದ್ರಾಮ. ಕೇಳಿದವಳ ತಪ್ಪೂ ಇಲ್ಲ, ಕೊಟ್ಟವನ ತಪ್ಪೂ ಇಲ್ಲ. ತಪ್ಪೇನಾದರೂ ಇದ್ದರೆ ಪಂಚಾಂಗದ್ದು, ಏಕೆಂದರೆ ಮರುದಿನ ಎಳ್ಳ ಅಮಾವಾಸ್ಯೆ.

ಎಳ್ಳ ಅಮಾವಾಸ್ಯೆಯೆಂದರೆ ಆ ಸೀಮೆಯಲ್ಲಿ ಊರಿಗೆ ಊರೇ ಮನೆಗೆ ಬೀಗ ಜಡಿದು ಹೊಲಕ್ಕೆ ಹೋಗುವ ದಿನ. ಹೊಲದೊಡೆಯ ಬೆಳೆಯ ಸುತ್ತ ಅಡುಗೆಯ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸಬೇಕು, ಆಮೇಲೆ ಎಲ್ಲರೂ ಕೂತು ಸಜ್ಜೆ ರೊಟ್ಟಿ, ಕಡಬು, ಬಜ್ಜಿ ಉಣ್ಣಬೇಕು. ಈ ಬಜ್ಜಿಯಿದೆಯಲ್ಲ, ಅದು ಕರಿದದ್ದಲ್ಲ, ಕುದಿಸಿದ ಪಲ್ಯ, ಅದಕ್ಕೆ ಸಿಕ್ಕ ಸೊಪ್ಪು, ಸಿಕ್ಕ ಕಾಯಿ ಎಲ್ಲ ಬೀಳಬೇಕು. ಯಾರ ಬಜ್ಜಿಯಲ್ಲಿ ಎಷ್ಟು ಬಗೆ ಬಿದ್ದವು ಎಂದು ಹೆಂಗಸರು ಬೆರಳು ಮಡಿಚಿ ಲೆಕ್ಕ ಹಾಕುತ್ತಾರೆ. ಬಜ್ಜಿಗೆಂದು ಕೇಳಿದವರಿಗೆ ಇಲ್ಲ ಅನ್ನುವ ರೂಢಿ ಮಾತ್ರ ಯಾವ ಮನೆಯಲ್ಲೂ ಇಲ್ಲ.

“ಒಂದ ಹಿಡಿ ರೀ ಮಾಸ್ತರ. ನನ್ನ ಬಜ್ಜಿಗಿ ಮೆಂತೆ ಒಂದ ಕಡಿಮಿ ಬಿದ್ದದ,” ಎಂದು ನಿಂಬೆವ್ವ ಮುಂಜಾನೆ ಏಳಕ್ಕೇ ಸೆರಗು ಒಡ್ಡಿ ನಿಂತಿದ್ದಳು.

“ತಗೋ ನಿಂಬೆವ್ವಾ. ಆದ್ರ ಯಾರಿಗೂ ಹೇಳಬ್ಯಾಡ. ಇವತ್ತ ಮ್ಯಾಡಂ ಬರಾಕತ್ತಾರ.”

“ನಾ ಯಾಕ ಹೇಳಲಿ? ನನ್ನ ಬಾಯಿ ನಿಮಗ ಗೊತ್ತಿಲ್ಲೇನು?” ಎಂದಳು ನಿಂಬೆವ್ವ. ಅವಳ ಬಾಯಿ ಇಡೀ ಊರಿಗೆ ಗೊತ್ತಿತ್ತು.

ಅಫಜಲಪುರದಿಂದ ಕರಜಗಿಗೆ ಹೋಗುವ ಬಸ್ಸು ಒಂದು ನಿಮಿಷ ನಿಂತು ಮುಂದೆ ಹೋಗುವ ಊರು ಅದು. ಸುತ್ತಲೂ ಕಣ್ಣು ಹಾಯುವಷ್ಟು ದೂರ ತೊಗರಿ, ಕಬ್ಬು, ಮತ್ತೆ ತೊಗರಿ. ಕಾಯಿಪಲ್ಯ ಬೇಕೆಂದರೆ ಶನಿವಾರದ ಸಂತೆಯೇ ಗತಿ. ಇಂಥಲ್ಲಿ ಹೈಸ್ಕೂಲಿನ ಹಿಂದಿನ ಐದು ಗುಂಟೆಯಲ್ಲಿ ಬದನೆ, ಟಮಾಟಿ, ಚವಳಿ, ಹೀರೆ, ಗಜ್ಜರಿಗಡ್ಡೆ, ಪಾಲಕ, ರಾಜಗಿರಿ, ಪಪ್ಪಾಯಿ, ಪೇರಲ ಎಲ್ಲ ಎದ್ದು ನಿಂತಿದ್ದವು. ಸಾಲೆಗಳಲ್ಲಿ ತೋಟ ಮಾಡಿಸುವ ಒಂದು ಸಂಸ್ಥೆ ಬೀಜ, ನೀರಿನ ಪೈಪು ಕೊಟ್ಟು, ಮಕ್ಕಳಿಗೆ ಕಲಿಸಲು ಊರಿನವನೇ ಆದ ಚಂದ್ರಾಮನನ್ನು ಇಟ್ಟುಕೊಂಡಿತ್ತು. ಆ ದಿನ ಮಧ್ಯಾಹ್ನ ಮೂರಕ್ಕೆ ಸಂಸ್ಥೆಯ ಆಯೇಶಾ ಮ್ಯಾಡಂ ಬಂದು ತೋಟ ನೋಡುವವರಿದ್ದರು. ಚೆನ್ನಾಗಿದೆ ಎಂದು ಬರೆದರೆ ತೋಟವೂ ಉಳಿಯಿತು, ಮಾಸ್ತರನೂ ಉಳಿದ. ಇಲ್ಲವಾದರೆ ಸಾಲೆಯ ಸಮಿತಿಯ ಅಧ್ಯಕ್ಷ ಶಿವಪ್ರಕಾಶ ಅಲ್ಲಿ ಸಿಮೆಂಟಿನ ವೇದಿಕೆ ಕಟ್ಟಿಸುವವನು. ಅದಕ್ಕೆ ಬೇಕಾದ ಉಸುಕು, ಖಡಿ ಆಗಲೇ ಗೇಟಿನ ಹತ್ತಿರ ಬಂದು ಬಿದ್ದಿದ್ದವು.

ಚಂದ್ರಾಮನಿಗೆ ಒಂದು ಕಾಲಕ್ಕೆ ಭೀಮೆಯ ದಂಡೆಗೆ ಮೂರೂವರೆ ಎಕರೆ ಎರೆಹೊಲ ಇತ್ತು. ಹೊಳೆಯ ಹಿನ್ನೀರು ಬಂದು ಅದನ್ನು ನುಂಗಿತು. ಹೊಲ ಹೋದ ಮರುವರ್ಷ ಹೆಂಡತಿ ಶಿವಕಾಂತಾಳೂ ಹೋದಳು. ಅಲ್ಲಿಂದ ಒಂಬತ್ತು ಎಳ್ಳ ಅಮಾವಾಸ್ಯೆ ಅವನು ಬೇರೆಯವರ ಹೊಲದಲ್ಲಿ ಅತಿಥಿಯಾಗಿ ಉಂಡ. ಕರೆಯುವವರಿಗೇನೂ ಬರವಿರಲಿಲ್ಲ, ಮೈಮೇಲೆ ಬಿದ್ದು ಬಡಿಸುತ್ತಿದ್ದರು. ಆದರೆ ಇನ್ನೊಬ್ಬರು ಚರಗ ಚೆಲ್ಲುವುದನ್ನು ಬದುವಿನ ಮೇಲೆ ನಿಂತು ನೋಡುವಾಗ ಎರಡೂ ಕೈ ಎಲ್ಲಿಡಬೇಕೆಂದು ತಿಳಿಯದೆ ಅವನು ಹಿಂದೆ ಕಟ್ಟಿಕೊಳ್ಳುತ್ತಿದ್ದ. ಈ ವರ್ಷ ಹಾಗಾಗುವುದಿಲ್ಲ. ನಾಳೆ ಈ ಐದು ಗುಂಟೆಯ ಸುತ್ತ, ತನ್ನ ಇಪ್ಪತ್ತೆರಡು ಮಕ್ಕಳನ್ನು ಹಿಂದೆ ಕರೆದುಕೊಂಡು, ಅವನೇ ಚರಗ ಚೆಲ್ಲುವವನಿದ್ದ. ಹದಿನೈದು ದಿನದಿಂದ ಅವನಿಗೆ ಅದೊಂದೇ ಧ್ಯಾನ, ಇನ್ನೂ ಯಾರಿಗೂ ಹೇಳಿರಲಿಲ್ಲ ಅಷ್ಟೆ.

ಒಂಬತ್ತು ಗಂಟೆಗೆ ಊರ ಹೆಂಗಸರು ಗೇಟಿನಲ್ಲಿ ಪಾಳಿ ಹಚ್ಚಿ ನಿಂತಿದ್ದರು. ಕೆಲವರ ಕೈಯಲ್ಲಿ ಚೀಲ, ಕೆಲವರ ಕೈಯಲ್ಲಿ ಬುಟ್ಟಿ, ಒಬ್ಬಳ ಕೈಯಲ್ಲಿ ಕೊಡ. ಒಂದು ಹಿಡಿ ಒಯ್ಯಲು ಕೊಡ ಯಾಕೆ ಎಂದು ಚಂದ್ರಾಮ ಕೇಳಲಿಲ್ಲ, ಕೇಳುವ ಜಾಯಮಾನ ಅವನದಲ್ಲ.

“ನಿಂಬೆವ್ವಗ ಕೊಟ್ಟೀರಂತ, ನಮಗ್ಯಾಕ ಇಲ್ರಿ? ನಾವೇನು ಪರಊರಿನವರೇನು?” ಎಂದು ಮೊದಲು ಒಳಗೆ ನುಗ್ಗಿದವಳು ಅಧ್ಯಕ್ಷ ಶಿವಪ್ರಕಾಶನ ಹೆಂಡತಿ ಸುಭದ್ರಾಬಾಯಿ.

“ವೈನಿ, ಇವತ್ತೊಂದಿನ ಬಿಡ್ರಿ. ಸಂಜೀಕ ನಾನs ಮನೀಗಿ ತಂದ್ ಕೊಡ್ತೇನಿ.”

“ಸಂಜೀಕ ತಂದ್ರ ಬಜ್ಜಿ ಯಾವಾಗ ಕುದಿಸ್ಲಿ? ನಿಮ್ಮ ಅಣ್ಣಾರಿಗೆ ಎಣ್ಣಿಗಾಯಿ ಬ್ಯಾರೆ ಬೇಕು. ಹೆಂಗೂ ನಾಳಿಗಿ ಇಲ್ಲಿ ಸಿಮೆಂಟ ಬೀಳೂದದ. ಸಿಮೆಂಟಿನಾಗ ಬದನಿಕಾಯಿ ಹುಗದಿಡ್ತೀರೇನು?” ಎನ್ನುತ್ತ ಅವಳು ನಾಲ್ಕು ಬದನೆಕಾಯಿ ಚೀಲಕ್ಕೆ ಇಳಿಸಿದಳು. ಐದನೆಯದು ಕೈಗೆ ಬಂದಾಗ ನಾಲ್ಕು ಅಶುಭವೆಂದು ಅದನ್ನೂ ಇಳಿಸಿದಳು.

ಒಂಬತ್ತನೇ ತರಗತಿಯ ಭಾಗ್ಯಾ ಅಡ್ಡ ನಿಂತು ಕೈ ಚಾಚಿದಳು. ಸಸಿಯಿಂದ ಸಸಿಗೆ ಎಷ್ಟು ಗೇಣಿರಬೇಕೆಂದು ತನ್ನ ಕೈಯಿಂದಲೇ ಅಳೆದು ನೆಟ್ಟ ಹುಡುಗಿ ಅವಳು. “ಕೀಳಬ್ಯಾಡ್ರಿ ಆಯಿ, ಮ್ಯಾಡಂ ಬರ್ತಾರ,” ಎಂದು ಅಂಗಲಾಚಿದಳು. ಅವಳ ತೋಳಿನ ಕೆಳಗಿಂದ ಇಬ್ಬರು, ತಲೆಯ ಮೇಲಿಂದ ಒಬ್ಬಳು ದಾಟಿ ಹೋದರು. ಕೊನೆಗೆ ಹೆಡ್ ಮಾಸ್ತರ ಜಗದೇವಪ್ಪನವರು ಗಂಭೀರವಾಗಿ ಬಂದು ಎಲ್ಲರನ್ನೂ ಗದರಿಸಿ ಹೊರಗೆ ಹಾಕಿದರು. ಗೇಟು ಮುಚ್ಚಿದ ಮೇಲೆ ಕೋಟಿನ ಕಿಸೆಯಿಂದ ಮಡಿಚಿದ ಚೀಲವೊಂದನ್ನು ತೆಗೆದು, “ಚಂದ್ರಾಮ, ನಮ್ಮ ಮನ್ಯಾಗ ಬರೇ ಹತ್ತ ಬಗಿ ಆಗ್ಯಾವ. ಚವಳಿಕಾಯಿ ಜರಾ ನೋಡು,” ಎಂದರು.

ಹೀಗಾದರೆ ಮೂರು ಗಂಟೆಗೆ ಮ್ಯಾಡಂಗೆ ಮಣ್ಣು ತೋರಿಸಬೇಕಾದೀತು ಎಂದು ಚಂದ್ರಾಮನಿಗೆ ದಿಗಿಲಾಯಿತು. ಬೇಲಿಗೆ ಜಾಲಿಮುಳ್ಳು ಬಡಿಯುವುದೇ ದಾರಿ ಎಂದು ಕೊಡಲಿ ಹಿಡಿದು ಹಳ್ಳದ ಕಡೆ ಓಡಿದ. ಓಡುವ ಮುಂಚೆ, “ಪೀರಪ್ಪಾ, ಯಾರನ್ನೂ ಒಳಗ ಬಿಡಬ್ಯಾಡ. ಒಂದ ಹಿಡೀಕಿಂತ ಹೆಚ್ಚಿಗಿ ಯಾರಿಗೂ ಇಲ್ಲ ಅಂತ ಹೇಳು,” ಎಂದು ಎಂಟನೆಯ ತರಗತಿಯ ಪೀರಪ್ಪನಿಗೆ ಹೇಳಿದ. ಪೀರಪ್ಪ ದಿನಾ ಮುಂಜಾನೆ ಪಪ್ಪಾಯಿ ಗಿಡಕ್ಕೆ ನಮಸ್ಕಾರ ಹೇಳುವ ಹುಡುಗ, ಮಾಸ್ತರನ ಮಾತೆಂದರೆ ಅವನಿಗೆ ವೇದವಾಕ್ಯ.

ಒಂದೂವರೆ ತಾಸಿನ ಮೇಲೆ ಮೈಯೆಲ್ಲ ಗೀರಿಕೊಂಡು, ತಲೆಯ ಮೇಲೆ ಮುಳ್ಳಿನ ಹೊರೆ ಹೊತ್ತು ಚಂದ್ರಾಮ ತಿರುಗಿ ಬಂದ. ತೋಟದಲ್ಲಿ ಹಸಿರಿತ್ತು, ಆದರೆ ಹೆಸರಿಗೆ ಒಂದು ಕಾಯಿ ಇರಲಿಲ್ಲ. ಪಾಲಕದ ಮಡಿ ಆಗಷ್ಟೇ ಹಜಾಮತಿ ಮಾಡಿಸಿಕೊಂಡ ತಲೆಯಂತೆ ಬೋಳಾಗಿತ್ತು. ನಡುವೆ ನಿಂತ ಪೀರಪ್ಪನ ಮುಖದಲ್ಲಿ ಕೊಟ್ಟ ಕೆಲಸ ಸರಿಯಾಗಿ ಮಾಡಿದ ಸಮಾಧಾನವಿತ್ತು.

“ಸರ್, ಒಬ್ಬರಿಗೂ ಒಂದ ಹಿಡೀಕಿಂತ ಹೆಚ್ಚ ಕೊಟ್ಟಿಲ್ರಿ. ಒಳಗೂ ಬಿಟ್ಟಿಲ್ರಿ, ನಾನs ಕಿತ್ತು ಗೇಟಿನಾಗ ಕೊಟ್ಟೀನಿ.”

“ಎಷ್ಟ ಮಂದಿ ಬಂದಿದ್ರಪಾ?”

“ನೂರಾ ನಲವತ್ತೊಂದು ರೀ.”

ಊರಲ್ಲಿ ಇದ್ದದ್ದೇ ಅಷ್ಟು ಮನೆ. ಚಂದ್ರಾಮ ಹೊರೆ ಇಳಿಸುವುದನ್ನೂ ಮರೆತು ಹಾಗೇ ನಿಂತ. ಹುಡುಗನನ್ನು ಬೈಯಲು ಬಾಯಿ ಬರಲಿಲ್ಲ, ಹೇಳಿದಷ್ಟನ್ನೇ ಅವನು ಮಾಡಿದ್ದ. ಭಾಗ್ಯಾ ಬಂದು ಅವನ ಕುತ್ತಿಗೆಯಲ್ಲಿ ಸಿಕ್ಕ ಮುಳ್ಳು ಕಿತ್ತಳು. ಅವಳ ಕಣ್ಣು ತುಂಬಿದ್ದವು.

ಹನ್ನೆರಡಕ್ಕೆ ಮಾಸ್ತರ ಬುಟ್ಟಿ ಹಿಡಿದು ಮನೆಮನೆಗೆ ಹೊರಟ. “ನಾಕ ತಾಸಿನ ಮಟ್ಟಿಗೆ ಕೊಡ್ರಿ, ಮ್ಯಾಡಂ ಹೋದ ಕೂಡ್ಲೇ ತಿರುಗಿ ತಂದ್ ಕೊಡ್ತೇನಿ,” ಎಂದು ಹೊಸಿಲಲ್ಲಿ ನಿಂತು ಕೇಳಿದ. ಕಾಯಿಪಲ್ಯ ಕೈಗಡ ಕೇಳಿದ ಮೊದಲ ಮನುಷ್ಯನನ್ನು ಊರು ಬೆರಗಿನಿಂದ ನೋಡಿತು. ಅವನ ಮುಖ ಕಂಡ ಮೇಲೆ ಯಾರಿಗೂ ನಗು ಬರಲಿಲ್ಲ. ತಾವು ಒಯ್ದದ್ದು ಒಂದೇ ಹಿಡಿ ಎಂದುಕೊಂಡಿದ್ದವರಿಗೆ ಎಲ್ಲರೂ ಒಂದೊಂದು ಹಿಡಿ ಒಯ್ದದ್ದು ಆಗ ಗೊತ್ತಾಯಿತು. ನಿಂಬೆವ್ವ ತನ್ನ ಮೆಂತೆಯನ್ನು ಆಗಲೇ ಹೆಚ್ಚಿಬಿಟ್ಟಿದ್ದಳು, ಅದನ್ನೇ ತಾಟಿನಲ್ಲಿ ತಂದು ಮುಂದಿಟ್ಟು ಅತ್ತಳು. ಸುಭದ್ರಾಬಾಯಿ ಐದರಲ್ಲಿ ಮೂರು ಬದನೆಕಾಯಿ ಕೊಟ್ಟು, ಉಳಿದೆರಡು ಎಣ್ಣೆಯಲ್ಲಿ ಬಿದ್ದ ಕಾರಣ ಅದರ ಬದಲಿಗೆ ಸಂತೆಯಲ್ಲಿ ಕೊಂಡ ಎರಡು ಹೀರೆಕಾಯಿ ಕೊಟ್ಟಳು.

ಕಾಯಿಯೇನೋ ಅರ್ಧದಷ್ಟು ತಿರುಗಿ ಬಂದವು. ಗಿಡಕ್ಕೆ ಅಂಟಿಸುವುದು ಹೇಗೆ? ಬುಟ್ಟಿಯ ಮುಂದೆ ತಲೆಗೆ ಕೈಹಚ್ಚಿ ಕೂತ ಚಂದ್ರಾಮನಿಗೆ ದಾರಿ ತೋರಿಸಿದವಳು ಸಾಲೆಯ ಎದುರು ಮನೆಯ ದರ್ಜಿ ಜೈತುನಬಿ.

“ಯಾಕ ಫಿಕರ್ ಮಾಡ್ತಿ ತಮ್ಮಾ? ನಲವತ್ತ ವರ್ಷ ಆಯ್ತು, ನಾ ಈ ಊರಿನವರಿಗೆ ಗುಂಡಿ ಹಚ್ಚಾಕತ್ತೇನಿ. ಬದನಿಕಾಯಿ ಏನ್ ದೊಡ್ಡದು?” ಎಂದು ಹಸಿರು ದಾರದ ಉಂಡೆ ಹಿಡಿದು ಬಂದಳು.

ಆ ಮೇಲಿನ ಎರಡು ತಾಸು ತೋಟದಲ್ಲಿ ಜಾತ್ರೆಯಂಥ ಗದ್ದಲ. ಮುಂಜಾನೆ ಒಯ್ದವರೇ ಮಧ್ಯಾಹ್ನ ಕಟ್ಟಲು ಬಂದಿದ್ದರು. ಸೂಜಿ ಕಾಣದ ಮುದುಕಿಯರು ಕಣ್ಣು ಕಿರಿದು ಮಾಡಿ ಟಮಾಟಿಯ ತೊಟ್ಟಿಗೆ ದಾರ ಸುತ್ತಿದರು. ಪೀರಪ್ಪ ಗಜ್ಜರಿಗಳನ್ನು ಒಂದೊಂದಾಗಿ ಮಣ್ಣಿಗೆ ಚುಚ್ಚಿ, ಪ್ರತಿಯೊಂದಕ್ಕೂ ಕ್ಷಮಾಪಣೆ ಕೇಳುತ್ತ ಹೋದ. ಜಗದೇವಪ್ಪನವರು ಚವಳಿಕಾಯಿಯ ಚೀಲವನ್ನು ಯಾರೂ ನೋಡದಂತೆ ತಂದು ಭಾಗ್ಯಾಳ ಕೈಗಿಟ್ಟು ಕೆಮ್ಮಿದರು. ಹೀರೆಯ ಚಪ್ಪರದಲ್ಲಿ ಜಾಗ ಸಾಲದೆ ನಿಂಬೆವ್ವ ಸಂತೆಯ ಎರಡು ಹೀರೆಕಾಯಿಗಳನ್ನು ಎಲ್ಲೋ ಒಂದು ಕಡೆ ಗಟ್ಟಿಯಾಗಿ ಕಟ್ಟಿ ಕೈಝಾಡಿಸಿದಳು.

ಮೂರು ಹೊಡೆಯಲು ಐದು ನಿಮಿಷ ಇರುವಾಗ ಜೀಪು ಬಂತು. ಊರಿನವರೆಲ್ಲ ಕಂಪೌಂಡಿನ ಗೋಡೆಗೆ ಸಾಲಾಗಿ ನಿಂತರು. ಆಯೇಶಾ ಮ್ಯಾಡಂ ಕಲಬುರ್ಗಿಯವರು, ಸಣಕಲು ಮೈಯ, ಮೆತ್ತನೆಯ ಮಾತಿನ ಹೆಂಗಸು. ಬದನೆಯ ಸಾಲು ನೋಡಿ ತಲೆದೂಗಿದರು. ಟಮಾಟಿ ನೋಡಿ “ಭಾಳ ಚಂದ ಬಂದಾವ” ಎಂದರು. ಚಂದ್ರಾಮನ ಎದೆ ಹದಕ್ಕೆ ಬರುತ್ತಿತ್ತು. ಅಷ್ಟರಲ್ಲಿ ಅವರು ಪೇರಲ ಗಿಡದ ಮುಂದೆ ನಿಂತುಬಿಟ್ಟರು.

“ಮಾಸ್ತರ, ಪೇರಲಕ್ಕ ಹೀರಿಕಾಯಿ ಯಾವಾಗಿನಿಂದ ಬಿಡಾಕತ್ತಾವ?”

ಮ್ಯಾಡಂ ಹೀರೆಕಾಯಿಯನ್ನು ಮೆಲ್ಲಗೆ ಎಳೆದರು. ಮೊಳದುದ್ದ ಹಸಿರು ದಾರ ಅದರ ಹಿಂದೆಯೇ ಬಂತು. ಜಗದೇವಪ್ಪನವರು ಆಕಾಶ ನೋಡಿದರು, ನಿಂಬೆವ್ವ ಜೈತುನಬಿಯ ಹಿಂದೆ ಸರಿದಳು.

ಚಂದ್ರಾಮನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಆಗ ಕಲಿಯಲು ವೇಳೆಯೂ ಇರಲಿಲ್ಲ. “ಕಟ್ಟಿದ್ದs ರೀ ಮ್ಯಾಡಂ. ಎಲ್ಲಾ ಕಟ್ಟಿದ್ದು,” ಎಂದ. “ಮುಂಜಾನಿ ಬಜ್ಜಿಗಿ ಅಂತ ಊರಾಗಿನವರು ಕೇಳಿದ್ರು, ಇಲ್ಲ ಅನ್ಲಾಕ ಆಗಲಿಲ್ಲ. ಹುಡುಗ್ರದು ತಪ್ಪಿಲ್ರಿ. ಅವ್ರು ಬೆಳೆಸಿದ್ದು ಖರೆ. ಬೇಕಾದ್ರ ಅವರನ್ನ ಕೇಳ್ರಿ. ಕಟ್ಟಿದ ಬುದ್ಧಿ ಅಷ್ಟs ನಂದು.”

ಮ್ಯಾಡಂ ದಾರವನ್ನು ಬೆರಳಿಗೆ ಸುತ್ತುತ್ತ ಮಕ್ಕಳ ಕಡೆ ತಿರುಗಿದರು. ಬದನೆಗೆ ಹುಳ ಬಿದ್ದರೆ ಏನು ಮಾಡ್ತೀರಿ ಎಂದು ಕೇಳಿದರು. ಬೇವಿನ ಬೀಜ ಕುಟ್ಟಿ, ಒಂದು ರಾತ್ರಿ ನೆನೆಹಾಕಿ, ಸೋಸಿ ಹೊಡೆಯುವುದನ್ನು ಭಾಗ್ಯಾ ಒಂದೇ ಉಸಿರಿಗೆ ಹೇಳಿದಳು. ಗಜ್ಜರಿಯ ಮಣ್ಣು ಹೇಗಿರಬೇಕೆಂದು ಕೇಳಿದರೆ ಪೀರಪ್ಪ ಮಣ್ಣು ಹಿಡಿದು, ಹಿಸುಕಿ, ಉದುರಿಸಿ ತೋರಿಸಿದ. ಪಪ್ಪಾಯಿಯಲ್ಲಿ ಗಂಡು ಗಿಡ ಗುರುತಿಸುವುದು, ಬೀಜಕ್ಕೆ ಯಾವ ಕಾಯಿ ಬಿಡುವುದು, ನೀರು ಯಾವ ಹೊತ್ತಿಗೆ ಹಾಯಿಸುವುದು, ಏನು ಕೇಳಿದರೂ ಯಾವುದಾದರೊಂದು ಕೈ ಎದ್ದೇ ಇರುತ್ತಿತ್ತು. ಒಂದಕ್ಕೂ ಚಂದ್ರಾಮ ಬಾಯಿ ಹಾಕಬೇಕಾಗಲಿಲ್ಲ. ಅವನು ಹೊಸ ಅಂಗಿ ತೊಟ್ಟ ಮಗುವನ್ನು ನೋಡುವ ತಾಯಿಯಂತೆ ಒಂದು ಪಕ್ಕಕ್ಕೆ ನಿಂತು ನೋಡುತ್ತಿದ್ದ.

“ಕಾಯಿ ಸುಳ್ಳಿರಬಹುದು, ಮಕ್ಕಳು ಸುಳ್ಳಲ್ಲ,” ಎಂದು ಮ್ಯಾಡಂ ಕೊನೆಗೆ ನಕ್ಕರು. “ಊರಿಗೆಲ್ಲ ಒಂದೊಂದ ಹಿಡಿ ಕೊಟ್ಟ ತೋಟ ನಾ ಎಲ್ಲೂ ನೋಡಿಲ್ಲ. ತೋಟ ಇರ್ತದ ಮಾಸ್ತರ. ವೇದಿಕೀನ ಬ್ಯಾರೆ ಕಡೆ ಕಟ್ಟಿಕೊಳ್ಳಲಿ.”

ಚಂದ್ರಾಮನಿಗೆ ಅಲ್ಲೇ ಕೂತು ಅಳಬೇಕೆನಿಸಿತು. ಒಂಬತ್ತು ವರ್ಷದ ಭಾರ ಯಾರೋ ಹೆಗಲಿನಿಂದ ಇಳಿಸಿಕೊಂಡಂತಾಯಿತು. ನಾಳೆ ಎಷ್ಟು ಹೊತ್ತಿಗೆ ಮಕ್ಕಳನ್ನು ಬರಹೇಳಬೇಕು, ಚರಗದ ಬುಟ್ಟಿ ಯಾರ ತಲೆಯ ಮೇಲೆ ಹೊರಿಸಬೇಕು ಎಂದು ಮನಸ್ಸು ಆಗಲೇ ಓಡತೊಡಗಿತು. ಅಲ್ಲಿಗೇ ಎಲ್ಲರೂ ಮನೆಗೆ ಹೋಗಿದ್ದರೆ ಈ ಕತೆ ಸುಖವಾಗಿ ಮುಗಿಯುತ್ತಿತ್ತು.

ಆದರೆ ಊರಿನವರ ಹೊಟ್ಟೆಯಲ್ಲಿ ಮುಂಜಾನೆಯ ತಪ್ಪು ಇನ್ನೂ ಚುಚ್ಚುತ್ತಿತ್ತು. ಮಾಸ್ತರನಿಗೆ ಏನಾದರೂ ಒಳ್ಳೆಯದು ಮಾಡಲೇಬೇಕೆಂದು ಅವರು ಮುನ್ನುಗ್ಗಿದರು.

“ಮ್ಯಾಡಂ, ಇವ್ರು ಕಲ್ಲಿನಾಗ ಬೆಳಿ ತೆಗಿಯೋ ಮನಷ್ಯಾ ರೀ,” ಎಂದಳು ನಿಂಬೆವ್ವ.

“ಇಷ್ಟ ಸಣ್ಣ ತೋಟ ಇವನಿಗೆ ಯಾವ ಲೆಕ್ಕಾ? ಹತ್ತ ಸಾಲಿ ಕೊಟ್ರೂ ನಡೆಸ್ತಾನ,” ಎಂದಳು ಜೈತುನಬಿ.

“ಒಂದು ವರ್ಷದಾಗ ಮಕ್ಕಳನ್ನ ತಯಾರ ಮಾಡ್ಯಾರ ನೋಡ್ರಿ,” ಎಂದರು ಜಗದೇವಪ್ಪನವರು. “ಇನ್ನ ಇವ್ರು ಇಲ್ಲದಿದ್ರೂ ತೋಟ ತಾನs ನಡೀತದ. ಅಷ್ಟು ಪಕ್ಕಾ ಕಲಿಸ್ಯಾರ.”

ಎಲ್ಲರಿಗಿಂತ ಹೆಚ್ಚು ಹೊಗಳಿದವನು ಅಧ್ಯಕ್ಷ ಶಿವಪ್ರಕಾಶ. ವೇದಿಕೆ ಹೋದ ದುಃಖಕ್ಕಿಂತ ಹೆಂಡತಿಯ ಐದು ಬದನೆಕಾಯಿಯ ನಾಚಿಕೆ ಅವನಿಗೆ ದೊಡ್ಡದಾಗಿತ್ತು. “ಇಂಥಾ ಮನಷ್ಯಾನ್ನ ನಮ್ಮ ಒಂದ ಊರಿನಾಗ ಕಟ್ಟಿಹಾಕೂದು ಅನ್ಯಾಯ ರೀ ಮ್ಯಾಡಂ! ಜಿಲ್ಲಾಕ್ಕೆಲ್ಲ ಉಪಯೋಗ ಆಗಬೇಕ್ರಿ!” ಎಂದು ಭಾಷಣದ ಕೈ ಎತ್ತಿದ.

ಮ್ಯಾಡಂ ಯೋಚಿಸುತ್ತ ಅವನ ಮಾತಿಗೆ ತಲೆಯಾಡಿಸಿದರು. “ಖರೆ ಹೇಳಿದ್ರಿ ನೋಡ್ರಿ. ಜೇವರ್ಗಿ ಕಡೆ ಮೂರು ಸಾಲಿ ಅದಾವ, ಕಲಿಸೋರಿಲ್ಲದ ಹಾಗೇ ಬಿದ್ದಾವ. ಇಲ್ಲಿ ಮಕ್ಕಳು ಇಷ್ಟು ಕಲಿತಾರ ಅಂದ ಮ್ಯಾಲ ಮಾಸ್ತರ, ನಿಮ್ಮ ಕೆಲಸ ಇಲ್ಲಿ ಮುಗೀತಲ್ಲ?” ಎಂದು ಪಕ್ಕಕ್ಕೆ ಸರಿದು ಫೋನು ಹಚ್ಚಿದರು. ಎರಡು ನಿಮಿಷಕ್ಕೆಲ್ಲ ತಿರುಗಿ ಬಂದು, “ಆಯ್ತು. ಇವತ್ತ ತೋಟದ ಚಾರ್ಜ್ ಸಮಿತಿಗೆ ಕೊಟ್ಟುಬಿಡ್ರಿ. ನಾಡಿದ್ದ ಮುಂಜಾನಿ ಜೇವರ್ಗಿಗಿ ಹಾಜರಾಗ್ರಿ,” ಎಂದರು.

ಚಂದ್ರಾಮನಿಗೆ ಮೊದಲು ಮಾತೇ ಕೇಳಿಸಲಿಲ್ಲ. ಕೇಳಿಸಿದಾಗ ಕೈಜೋಡಿಸಿದ. “ಬ್ಯಾಡ್ರಿ ಮ್ಯಾಡಂ. ನನಗೇನೂ ಬರಲ್ರಿ. ನಾ ಇಲ್ಲೇ ಇರ್ತೇನಿ.”

“ನೋಡಿದ್ರ್ಯಾ, ಎಂಥಾ ವಿನಯ!” ಎಂದು ಜಗದೇವಪ್ಪನವರು ಚಪ್ಪಾಳೆ ತಟ್ಟಿದರು. ಗೋಡೆಯ ಉದ್ದಕ್ಕೂ ಊರೆಲ್ಲ ತಟ್ಟಿತು.

“ವಿನಯ ಅಲ್ರೀ ಸರ್, ಖರೇನ ಬ್ಯಾಡ,” ಎಂದು ಅವನು ಅಂದಷ್ಟೂ ಚಪ್ಪಾಳೆ ಜೋರಾಯಿತು. ಭಾಗ್ಯಾ ಒಬ್ಬಳೇ ಕೈ ಎತ್ತಲಿಲ್ಲ. ಅಷ್ಟು ಚೆನ್ನಾಗಿ ಉತ್ತರ ಹೇಳಬಾರದಿತ್ತು ಎಂದು ಅವಳಿಗೆ ಆಗ ಹೊಳೆದಿರಬೇಕು, ತುಟಿ ಕಚ್ಚಿ ನೆಲ ನೋಡುತ್ತಿದ್ದಳು.

ಜೀಪು ಹೋಯಿತು. ಚಂದ್ರಾಮ ಗೇಟಿನ ಬೀಗದ ಕೈ, ನೀರಿನ ಪೈಪು, ಉಳಿದ ಬೀಜದ ಪುಡಿಕೆಗಳನ್ನು ಒಂದೊಂದಾಗಿ ಎಣಿಸಿ ಅಧ್ಯಕ್ಷನ ಕೈಗೆ ಕೊಟ್ಟ. ಕೊಟ್ಟ ಮೇಲೆ ಕೈ ಖಾಲಿಯಾದವು. ಶಿವಪ್ರಕಾಶ ಬೀಗದ ಕೈಯನ್ನು ಅಂಗೈಯಲ್ಲಿ ತೂಗಿ ನೋಡಿ, ತೋಟದ ಮೇಲೆ ಒಮ್ಮೆ ಕಣ್ಣು ಹಾಯಿಸಿದ. ಇದ್ದಕ್ಕಿದ್ದಂತೆ ಅವನ ಮುಖ ಅರಳಿತು.

“ಮಾಸ್ತರ, ನನಗ ಒಂದು ವಿಚಾರ ಬಂತು ನೋಡ್ರಿ. ನಾಳಿ ಸಾಲಿ ತೋಟದಾಗ ಚರಗ ಚೆಲ್ಲಿದ್ರ ಹ್ಯಾಂಗ? ಈಗ ಇದು ನನ್ನ ಚಾರ್ಜಿನಾಗ ಬಂತಲ್ಲ, ನಾನs ಚೆಲ್ತೇನಿ. ಊರನ್ನೆಲ್ಲ ಕರೀತೇನಿ.”

“ಛಲೋ ಆಗ್ತದ್ರಿ,” ಎಂದ ಚಂದ್ರಾಮ.

ಶಿವಪ್ರಕಾಶ ಪ್ರೀತಿಯಿಂದ ಅವನ ಹೆಗಲ ಮೇಲೆ ಕೈ ಹಾಕಿದ. “ಮತ್ತ ನೀವು ತಪ್ಪಿಸಬ್ಯಾಡ್ರಿ. ಮುಖ್ಯ ಅತಿಥಿ ನೀವs. ನಿಮ್ಮ ಸಲುವಾಗಿ ಬದುವಿನ ಮ್ಯಾಲ ಒಂದು ಕುರ್ಚಿ ಹಾಕಸ್ತೇನಿ.”

ಚಂದ್ರಾಮ ಎರಡೂ ಕೈ ಹಿಂದೆ ಕಟ್ಟಿಕೊಂಡು, “ಬರ್ತೇನ್ರಿ,” ಎಂದ.